ಕುಣಿದವರು ಐದಾರು ಮಂದಿ, ತೇಲಿ ಬಂದದ್ದು ಒಂದೇ ಕಲ್ಲು: ‘ದಿ ಲಾಸ್ಟ್ ಏರ್‌ಬೆಂಡರ್’ ಚಿತ್ರ ಎಡವಿದ್ದು ಎಲ್ಲಿ?

ತೇಲುವ ಕಲ್ಲು ಬರೆದದ್ದು:

2010ರಲ್ಲಿ ತೆರೆಗೆ ಬಂದ ‘ದಿ ಲಾಸ್ಟ್ ಏರ್‌ಬೆಂಡರ್’ ಚಿತ್ರವನ್ನು ಕಳೆದ ವಾರ ಮತ್ತೊಮ್ಮೆ ಪೂರ್ತಿಯಾಗಿ ನೋಡಿದೆ. ಮೊದಲ ಸಲ ನೋಡಿದಾಗ ಸಿಟ್ಟು ಬಂದಿತ್ತು. ಈ ಸಲ ಎರಡು ಮೂರು ಕಡೆ ಜೋರಾಗಿ ನಕ್ಕುಬಿಟ್ಟೆ. ನಗು ಬಂದದ್ದೆಲ್ಲ ನಿರ್ದೇಶಕರು ಅತ್ಯಂತ ಗಂಭೀರವಾಗಿ ತೆಗೆದಿರುವ ದೃಶ್ಯಗಳಲ್ಲಿ. ಆ ನಗು ಎಲ್ಲಿಂದ ಬಂತೆಂದು ಯೋಚಿಸುತ್ತ ಹೋದಾಗ, ಈ ಚಿತ್ರ ಕೆಟ್ಟದ್ದಕ್ಕೆ ಕಾರಣವೂ ಅಲ್ಲೇ ಇದೆ ಎನಿಸಿತು. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಒಪ್ಪದವರು ತಮ್ಮ ಕಾರಣವನ್ನೂ ಬರೆಯಬೇಕೆಂದು ಕೋರುತ್ತೇನೆ.

ಮೂಲ ಕಾರ್ಟೂನನ್ನು ನೋಡದವರಿಗಾಗಿ ಎರಡು ಮಾತು. ಮೈಕೆಲ್ ಡಾಂಟೆ ಡಿಮಾರ್ಟಿನೋ ಮತ್ತು ಬ್ರಯಾನ್ ಕೊನಿಯೆಟ್ಸ್ಕೋ ಸೇರಿ ರೂಪಿಸಿದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ 2005ರಿಂದ 2008ರವರೆಗೆ ನಿಕೆಲೋಡಿಯನ್ ವಾಹಿನಿಯಲ್ಲಿ 61 ಕಂತುಗಳಾಗಿ ಪ್ರಸಾರವಾಯಿತು. ಪಂಚಭೂತಗಳಲ್ಲಿ ನೀರು, ಮಣ್ಣು, ಬೆಂಕಿ, ಗಾಳಿ ಎಂಬ ನಾಲ್ಕನ್ನು ಮೈಯ ಚಲನೆಯಿಂದಲೇ ಆಡಿಸಬಲ್ಲ ಜನರಿರುವ ಲೋಕ ಅದು. ಆ ವಿದ್ಯೆಗೆ ಅಲ್ಲಿ ಬೆಂಡಿಂಗ್ ಎಂದು ಹೆಸರು. ನೂರು ವರ್ಷ ಮಂಜುಗಡ್ಡೆಯೊಳಗೆ ಮಲಗಿದ್ದು ಎಚ್ಚರಗೊಂಡ ಆ್ಯಂಗ್ ಎಂಬ ಹನ್ನೆರಡು ವರ್ಷದ ಹುಡುಗ ಆ ನಾಲ್ಕನ್ನೂ ಕಲಿತು, ಅಗ್ನಿರಾಜ್ಯದವರು ಹೂಡಿದ ಯುದ್ಧವನ್ನು ನಿಲ್ಲಿಸಬೇಕು. ಮೊದಲ ಭಾಗದ 20 ಕಂತುಗಳನ್ನು ಎಂ. ನೈಟ್ ಶ್ಯಾಮಲನ್ 103 ನಿಮಿಷಗಳ ಚಿತ್ರವಾಗಿಸಿದರು. ಚಿತ್ರಕಥೆಯನ್ನೂ ಅವರೇ ಬರೆದರು.

ಈಗ ನಾನು ಹೇಳಬೇಕೆಂದಿರುವ ದೃಶ್ಯ. ಮಣ್ಣನ್ನು ಆಡಿಸಬಲ್ಲ ಜನರನ್ನು ಅಗ್ನಿರಾಜ್ಯದ ಸೈನಿಕರು ಸೆರೆಯಲ್ಲಿಟ್ಟಿದ್ದಾರೆ. ಎಲ್ಲಿ? ಮಣ್ಣಿನ ಮೇಲೆಯೇ! ಸುತ್ತಲೂ ಕಲ್ಲುಗುಡ್ಡ, ಕಾಲ ಕೆಳಗೆ ನೆಲ. ಆ್ಯಂಗ್ ಬಂದು, ನಿಮ್ಮ ಕಾಲಡಿಯಲ್ಲೇ ಮಣ್ಣಿದೆಯಲ್ಲ ಎಂದು ಆ ಜನರಿಗೆ ನೆನಪಿಸುತ್ತಾನೆ. ಅದುವರೆಗೆ ಅಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲವೆಂದು ನಾವು ನಂಬಬೇಕಾಗುತ್ತದೆ. ಅಲ್ಲಿಂದ ಹೊಡೆದಾಟ ಶುರುವಾಗುತ್ತದೆ. ಐದಾರು ಮಂದಿ ಸಾಲಾಗಿ ನಿಂತು, ಒಂದೇ ತಾಳಕ್ಕೆ ನೆಲವನ್ನು ತುಳಿಯುತ್ತಾರೆ, ಮೈ ತಿರುಗಿಸುತ್ತಾರೆ, ಮುಷ್ಟಿ ಬೀಸುತ್ತಾರೆ, ಮತ್ತೆ ತುಳಿಯುತ್ತಾರೆ. ಗುಡ್ಡವೇ ಕಿತ್ತುಬರುತ್ತದೆಂದು ನಾವು ಉಸಿರು ಬಿಗಿಹಿಡಿದು ಕುಳಿತಿರುವಾಗ, ತೆರೆಯ ಒಂದು ಬದಿಯಿಂದ ಒಂದೇ ಒಂದು ಕಲ್ಲು, ಯಾರಾದರೂ ಒಂದು ಹೆಜ್ಜೆ ಸರಿದು ನಿಂತರೆ ತಪ್ಪಿಸಿಕೊಳ್ಳಬಹುದಾದಷ್ಟು ನಿಧಾನವಾಗಿ, ತೇಲುತ್ತಾ ಹೋಗುತ್ತದೆ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿಸಿದ ದೃಶ್ಯವನ್ನು ನಾನು ಬೇರೆ ಯಾವ ಚಿತ್ರದಲ್ಲಿಯೂ ಕಂಡಿಲ್ಲ.

ಚಲನೆಗೂ ಫಲಕ್ಕೂ ಹೊಂದಾಣಿಕೆ ತಪ್ಪಿದ್ದರಿಂದ ಈ ನಗು ಹುಟ್ಟಿತು ಎಂದು ನನ್ನ ವಾದ. ಕಾರ್ಟೂನಿನಲ್ಲಿ ಒಬ್ಬನು ಹಿಮ್ಮಡಿಯಿಂದ ನೆಲವನ್ನು ಕುಟ್ಟಿದರೆ ಬಂಡೆ ಏಳುತ್ತದೆ. ಕುಟ್ಟಿದ್ದು, ಎದ್ದದ್ದು ಎರಡೂ ಒಂದೇ ಕ್ಷಣ, ಒಂದೇ ಕ್ರಿಯೆ. ಚಿತ್ರದಲ್ಲಿ ಮೊದಲು ಕುಣಿತ, ಆಮೇಲೆ ಎಷ್ಟೋ ಹೊತ್ತಿಗೆ ಪರಿಣಾಮ.

ಎರಡನೆಯ ನೋಟ ಬರೆದದ್ದು:

ನಿಮ್ಮ ವಿವರಣೆಯನ್ನು ಓದಿ ನಾನೂ ನಕ್ಕೆ, ಆದರೆ ಎಲ್ಲವನ್ನೂ ಒಪ್ಪಲಾರೆ. ನೀವು ಹೇಳುವ ಹೊಡೆದಾಟವನ್ನು ಕತ್ತರಿಸದೆ ಒಂದೇ ಉದ್ದನೆಯ ಶಾಟ್‌ನಲ್ಲಿ ತೋರಿಸಲಾಗಿದೆ. ಅರ್ಧ ಸೆಕೆಂಡಿಗೊಂದು ಕಟ್ ಹಾಕಿ ಏನು ನಡೆಯಿತೆಂಬುದನ್ನೇ ಮರೆಮಾಚುವ ಚಿತ್ರಗಳ ನಡುವೆ, ಇಡೀ ಮೈದಾನವನ್ನು ತೋರಿಸುತ್ತೇನೆಂದು ಹೊರಟ ನಿರ್ದೇಶಕರ ಧೈರ್ಯವನ್ನು ಮೆಚ್ಚಬೇಕು. ಛಾಯಾಗ್ರಾಹಕರು ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗೆ ಕೆಲಸ ಮಾಡಿದ ಆಂಡ್ರೂ ಲೆಸ್ನಿ. ಜೇಮ್ಸ್ ನ್ಯೂಟನ್ ಹೊವರ್ಡ್ ಅವರ ಸಂಗೀತವನ್ನು ನಾನು ಇಂದಿಗೂ ಪ್ರತ್ಯೇಕವಾಗಿ ಕೇಳುತ್ತೇನೆ. ಕೊನೆಯಲ್ಲಿ ಸಮುದ್ರ ಎದ್ದು ನಿಲ್ಲುವಾಗ ಬರುವ ಸಂಗೀತ ಆ ಚಿತ್ರದ ಯೋಗ್ಯತೆಗಿಂತ ಬಹಳ ದೊಡ್ಡದು. ಇನ್ನು ಆ ಕಲ್ಲು ಆ ಐದಾರು ಮಂದಿಯ ಕುಣಿತದಿಂದಲೇ ಬಂದಿತೋ, ಪಕ್ಕದಲ್ಲಿದ್ದ ಬೇರೊಬ್ಬನು ಎಸೆದದ್ದೋ ಎಂಬುದು ನನಗೆ ಹಲವು ಸಲ ನೋಡಿದರೂ ನಿರ್ಧರಿಸಲಾಗಲಿಲ್ಲ. ಹಾಗಿರುವಾಗ ಕಲ್ಲು ಚಿಕ್ಕದಾಯಿತೆಂದು ಚಿತ್ರವನ್ನೇ ಅಳೆಯುವುದು ಸರಿಯಲ್ಲ.

ತೇಲುವ ಕಲ್ಲು ಬರೆದದ್ದು:

ಸಂಗೀತದ ವಿಷಯದಲ್ಲಿ ನಿಮ್ಮೊಂದಿಗೆ ಪೂರ್ಣವಾಗಿ ಇದ್ದೇನೆ. ಉದ್ದನೆಯ ಶಾಟ್ ಕುರಿತು ಮಾತ್ರ ಒಂದು ಮಾತು: ಎಲ್ಲವನ್ನೂ ತೋರಿಸಿಯೂ ಕಲ್ಲನ್ನು ಎಸೆದವರು ಯಾರೆಂಬುದು ಹಲವು ಸಲ ನೋಡಿದ ನಿಮಗೇ ತಿಳಿಯಲಿಲ್ಲ ಎಂದರೆ, ಆ ಶಾಟ್ ತನ್ನ ಕೆಲಸವನ್ನು ಮಾಡಲಿಲ್ಲ ಎಂದೇ ಅರ್ಥ.

ಕಲ್ಲು ಚಿಕ್ಕದಾದದ್ದು ತಪ್ಪಲ್ಲ ಎಂಬ ನಿಮ್ಮ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಅದನ್ನು ಓದಿದ ಮೇಲೆ ಕಾರ್ಟೂನಿನ ಆರನೆಯ ಕಂತನ್ನು ಹುಡುಕಿ ನೋಡಿದೆ. ಚಿತ್ರದ ಸೆರೆಮನೆಗೆ ಮೂಲ ಅದೇ. ಅಲ್ಲಿ ಸೆರೆಮನೆ ಇರುವುದು ನಡುಸಮುದ್ರದಲ್ಲಿ, ಇಡಿಯಾಗಿ ಲೋಹದಿಂದ ಕಟ್ಟಿದ ತಾಣದಲ್ಲಿ. ಮಣ್ಣಿನ ಜನರಿಗೆ ಹಿಡಿ ಮಣ್ಣೂ ಸಿಗಬಾರದೆಂಬ ಲೆಕ್ಕಾಚಾರ. ಕಟಾರಾ ಎಂಬ ಹುಡುಗಿ ತಾನಾಗಿಯೇ ಸೆರೆಯಾಗಿ ಒಳಗೆ ಹೋಗಿ, ಎದ್ದು ಹೋರಾಡಿ ಎಂದು ಭಾಷಣ ಮಾಡುತ್ತಾಳೆ. ಯಾರೂ ಅಲುಗಾಡುವುದಿಲ್ಲ. ಭಾಷಣ ಸೋಲುವುದನ್ನು ಒಂದು ಮಕ್ಕಳ ಕಾರ್ಟೂನ್ ಅಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ. ಆಮೇಲೆ ಆ ತಾಣದ ಕುಲುಮೆಗಳಿಗೆ ತಂದಿಟ್ಟ ಕಲ್ಲಿದ್ದಲು ನೆನಪಾಗುತ್ತದೆ. ಕಲ್ಲಿದ್ದಲೂ ನೆಲದಿಂದಲೇ ಬಂದದ್ದಲ್ಲವೇ? ಆ್ಯಂಗ್ ಗಾಳಿಯ ಬಲದಿಂದ ಅದನ್ನು ಕೊಳವೆಗಳ ಮೂಲಕ ಮೇಲಕ್ಕೆ ಚಿಮ್ಮಿಸಿ ಅಂಗಳದಲ್ಲಿ ರಾಶಿ ಹಾಕುತ್ತಾನೆ. ಆಗಲೂ ಆ ಜನ ಹೆದರಿ ಹಿಂಜರಿಯುತ್ತಾರೆ. ಸೆರೆಮನೆಯ ಅಧಿಕಾರಿ ಅವರನ್ನು ಹೀಯಾಳಿಸಿ ಬೆನ್ನು ತಿರುಗಿಸುತ್ತಾನೆ, ಅವನ ತಲೆಗೆ ಟಪ್ ಎಂದು ಏನೋ ಬಡಿಯುತ್ತದೆ. ತಿರುಗಿ ನೋಡಿದರೆ ಹರು ಎಂಬ ಹುಡುಗನ ಅಂಗೈ ಮೇಲೆ ಕಲ್ಲಿದ್ದಲಿನ ಚೂರುಗಳು ಸುತ್ತುತ್ತಿವೆ.

ಅಂದರೆ ಅಲ್ಲಿಯೂ ಮೊದಲು ಹಾರಿದ್ದು ಒಂದು ಚೂರು ಮಾತ್ರ; ಚಿತ್ರದ ಕಲ್ಲಿಗಿಂತಲೂ ಚಿಕ್ಕದು. ಆದರೆ ಅದನ್ನು ಎಸೆದವನು ಯಾರು, ಎಸೆಯಲು ಏಕೆ ಇಷ್ಟು ದಿನ ಹೆದರಿದ್ದ, ಎಸೆದ ಮೇಲೆ ಏನಾಗಬಹುದು ಎಂಬುದೆಲ್ಲ ನಮಗೆ ಗೊತ್ತಿರುವುದರಿಂದ ಆ ಚೂರಿಗೆ ತೂಕ ಬರುತ್ತದೆ. ಚಿತ್ರದಲ್ಲಿ ಸಮುದ್ರವನ್ನು ತೆಗೆದರು, ಲೋಹವನ್ನು ತೆಗೆದರು, ಕಲ್ಲಿದ್ದಲನ್ನು ತೆಗೆದರು, ಸೋತ ಭಾಷಣವನ್ನು ತೆಗೆದು ಅದರ ಜಾಗದಲ್ಲಿ ತಕ್ಷಣ ಗೆಲ್ಲುವ ಭಾಷಣವನ್ನು ಇಟ್ಟರು. ಉಳಿದದ್ದು ತೂಕವಿಲ್ಲದ ಕಲ್ಲು. ತೂಕವಿಲ್ಲದ್ದು ತೇಲದೆ ಇನ್ನೇನು ಮಾಡೀತು?

ನಿಧಾನ ಹೆಜ್ಜೆ ಬರೆದದ್ದು:

ನಾನು ಕೆಲವು ವರ್ಷಗಳಿಂದ ತಾಯ್‌ಚೀ ಅಭ್ಯಾಸ ಮಾಡುತ್ತಿದ್ದೇನೆ, ಆದ್ದರಿಂದ ಚಲನೆಯ ಮಾತು ಬಂದಾಗ ಸುಮ್ಮನಿರಲಾಗಲಿಲ್ಲ. ಕಾರ್ಟೂನಿನವರು ನಾಲ್ಕು ವಿದ್ಯೆಗಳಿಗೆ ನಾಲ್ಕು ಚೀನೀ ಸಮರಕಲೆಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದರು: ನೀರಿಗೆ ತಾಯ್‌ಚೀ, ಮಣ್ಣಿಗೆ ಹುಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾಗ್ವಾಜಾಂಗ್. ಸಿಫು ಕಿಸು ಎಂಬ ಸಮರಕಲಾ ಗುರುಗಳು ಅವರಿಗೆ ಸಲಹೆಗಾರರಾಗಿದ್ದರು. ಬಾಗ್ವಾಜಾಂಗ್ ಕಲಿಯುವವರು ವೃತ್ತಾಕಾರವಾಗಿ ನಡೆಯುವುದರಿಂದಲೇ ಪಾಠ ಆರಂಭಿಸುತ್ತಾರೆ. ಎದುರಾಳಿಯ ಏಟಿಗೆ ಎದುರು ನಿಲ್ಲದೆ ಪಕ್ಕಕ್ಕೆ ಸುತ್ತಿ ಹೋಗುವುದು ಅದರ ಸ್ವಭಾವ. ಕಾರ್ಟೂನಿನ ಆ್ಯಂಗ್ ಜಗಳವಾಡುವಾಗಲೂ ಹಾಗೆಯೇ, ಕಷ್ಟದ ಮಾತು ಬಂದಾಗಲೂ ಹಾಗೆಯೇ: ತಪ್ಪಿಸಿಕೊಂಡು ಸುತ್ತುತ್ತಾನೆ. ಒಬ್ಬ ಹುಡುಗನ ಗುಣವನ್ನು ಅವನ ಹೆಜ್ಜೆಯಲ್ಲಿ ಬರೆದಿದ್ದಾರೆ.

ಚಿತ್ರದ ನಟನಿಗೆ ಶಕ್ತಿಯಿರಲಿಲ್ಲ ಎಂದು ಹೇಳುವಂತಿಲ್ಲ. ಆ್ಯಂಗ್ ಪಾತ್ರ ಮಾಡಿದ ನೋವಾ ರಿಂಗರ್ ಟೇಕ್ವಾಂಡೋ ಕಲಿತ ಬಾಲಕ. ಅವನ ಒದೆತ, ತಿರುವು, ಸಮತೋಲ ಎಲ್ಲವೂ ನೋಡಲು ಚೆನ್ನಾಗಿವೆ. ಆದರೆ ಅವನು ಎಂಟು ಚಲನೆಗಳನ್ನು ಮುಗಿಸಿದ ಮೇಲೆ ಗಾಳಿ ಬೀಸುತ್ತದೆ. ತಾಯ್‌ಚೀಯಲ್ಲಿ ಜೋಡಿಯಾಗಿ ಕೈಗೆ ಕೈ ತಾಗಿಸಿ ಅಭ್ಯಾಸ ಮಾಡುವಾಗ ನಾನು ಒಂದಿಂಚು ತಳ್ಳಿದರೆ ಎದುರಿನವರ ಸೊಂಟದಲ್ಲಿ ಅದೇ ಕ್ಷಣ ಅದು ಗೊತ್ತಾಗುತ್ತದೆ. ತಳ್ಳಿ ಮುಗಿಸಿ, ಕೈ ಕೆಳಗಿಳಿಸಿ, ಉಸಿರು ಬಿಟ್ಟ ಮೇಲೆ ಅವರು ಬಿದ್ದರೆ, ಬಿದ್ದದ್ದು ನನ್ನಿಂದಲ್ಲ. ಚಿತ್ರದ ಬೆಂಡಿಂಗ್ ನೋಡುವಾಗ ನನಗೆ ಪ್ರತಿಸಲವೂ ಹೀಗೇ ಅನಿಸಿತು: ಹುಡುಗ ಒಂದು ಕಡೆ ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿದ್ದಾನೆ, ಹವಾಮಾನ ಇನ್ನೊಂದು ಕಡೆ ತನ್ನ ಪಾಡಿಗೆ ಬದಲಾಗುತ್ತಿದೆ.

ಚಹಾ ಪ್ರಿಯ ಬರೆದದ್ದು:

ಬೆಂಕಿಯ ಬಗ್ಗೆ ಯಾರೂ ಬರೆಯಲಿಲ್ಲ. ಕಾರ್ಟೂನಿನಲ್ಲಿ ಬೆಂಕಿಯವರು ಮಾತ್ರ ತಮ್ಮ ವಸ್ತುವನ್ನು ತಮ್ಮೊಳಗಿನಿಂದಲೇ ಹುಟ್ಟಿಸುತ್ತಾರೆ. ಉಸಿರೇ ಅವರ ಬೆಂಕಿಯ ಮೂಲ. ಅವರ ಬಗ್ಗೆ ಇತರರಿಗೆ ಇರುವ ಭಯವೂ ಅದರಿಂದಲೇ. ಚಿತ್ರದಲ್ಲಿ ಈ ನಿಯಮವನ್ನು ಬದಲಾಯಿಸಿ, ಹತ್ತಿರದಲ್ಲಿ ಉರಿಯುವ ಬೆಂಕಿ ಇದ್ದರೆ ಮಾತ್ರ ಅವರು ಅದನ್ನು ಆಡಿಸಬಲ್ಲರು ಎಂದು ಮಾಡಿದರು. ಹೀಗೆ ಮಾಡಿದ್ದರಿಂದ, ಅಗ್ನಿರಾಜ್ಯದ ರಾಜಕುಮಾರ ಜುಕೊನ ದೊಡ್ಡಪ್ಪ ಐರೋ ಕೊನೆಯಲ್ಲಿ ಬರಿಗೈಯಿಂದ ಬೆಂಕಿ ಹುಟ್ಟಿಸಿದಾಗ ಸುತ್ತಲಿನ ಸೈನಿಕರೇ ಬೆರಗಾಗುವ ಒಂದು ಕ್ಷಣ ಸಿಕ್ಕಿತು. ಆ ಒಂದು ಕ್ಷಣಕ್ಕಾಗಿ ಇಡೀ ಸೇನೆಯನ್ನೇ ಬಲಿಕೊಟ್ಟರು. ಜಗತ್ತನ್ನು ನೂರು ವರ್ಷ ನಡುಗಿಸಿದ ಸೈನ್ಯದ ಪಕ್ಕದಲ್ಲಿರುವ ಪಂಜುಗಳ ಮೇಲೆ, ನೀರನ್ನೇ ಆಯುಧವಾಗಿ ಉಳ್ಳ ಜನ ಒಂದೊಂದು ಬಿಂದಿಗೆ ನೀರು ಸುರಿದಿದ್ದರೆ ಯುದ್ಧ ಮುಗಿಯುತ್ತಿತ್ತು. ಈ ಉಪಾಯ ಚಿತ್ರದ ಉದ್ದಕ್ಕೂ ಯಾರಿಗೂ ಹೊಳೆಯುವುದಿಲ್ಲ.

ಐರೋ ಎಂಬ ಆ ದೊಡ್ಡಪ್ಪ ಕಾರ್ಟೂನಿನಲ್ಲಿ ಚಹಾ ಕುದಿಸುವುದನ್ನು ಯುದ್ಧಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುವ ವ್ಯಕ್ತಿ. ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಸೇನಾಪತಿ ಅವನು; ಅವನ ಹೊಟ್ಟೆಬಾಕತನ, ಚಹಾದ ಹುಚ್ಚು, ನಿದ್ದೆ ಎಲ್ಲವೂ ಆ ದುಃಖದ ಮೇಲೆ ಹೊದ್ದುಕೊಂಡ ಕಂಬಳಿ ಎಂಬುದು ನಮಗೆ ನಿಧಾನವಾಗಿ ತಿಳಿಯುತ್ತದೆ. ಶಾನ್ ಟೌಬ್ ಒಳ್ಳೆಯ ನಟರು, ಅವರ ಕಣ್ಣಿನಲ್ಲಿ ಕರುಣೆಯಿದೆ. ಆದರೆ ಚಿತ್ರ ಅವರಿಗೆ ನಗಲು ಬಿಡುವು ಕೊಡಲಿಲ್ಲ.

ಕಥೆ ಕೇಳಿದವರು ಬರೆದದ್ದು:

20 ಕಂತುಗಳೆಂದರೆ ಸುಮಾರು ಏಳೂವರೆ ಗಂಟೆ. ಅದನ್ನು ಒಂದು ಮುಕ್ಕಾಲು ಗಂಟೆಗೂ ಕಡಿಮೆ ಹೊತ್ತಿಗೆ ಇಳಿಸಬೇಕೆಂದರೆ ಕೆಲವನ್ನು ಬಿಡಲೇಬೇಕು. ಅದಕ್ಕೆ ಯಾರ ತಕರಾರೂ ಇಲ್ಲ. ಚಿತ್ರ ಮಾಡಿದ ತಪ್ಪು ಬೇರೆ: ಅದು ಯಾವುದನ್ನೂ ಬಿಡಲೊಪ್ಪದೆ ಎಲ್ಲವನ್ನೂ ಬಾಯಿಮಾತಿನಲ್ಲಿ ತುರುಕಿತು. ಉತ್ತರದ ನೀರಿನ ರಾಜ್ಯಕ್ಕೆ ಆ್ಯಂಗ್, ಕಟಾರಾ ಮತ್ತು ಅವಳ ಅಣ್ಣ ಸಾಕಾ ಬಂದಿಳಿಯುತ್ತಾರೆ. ರಾಜಕುಮಾರಿ ಯುಯೆ ಮತ್ತು ಸಾಕಾ ಪರಸ್ಪರ ನೋಡುತ್ತಾರೆ. ಆಗ ಹಿನ್ನೆಲೆಯಲ್ಲಿ ಕಟಾರಾಳ ಧ್ವನಿ, ತನ್ನ ಅಣ್ಣನೂ ರಾಜಕುಮಾರಿಯೂ ಕೂಡಲೇ ಸ್ನೇಹಿತರಾದರು ಎಂದು ನಮಗೆ ವರದಿ ಒಪ್ಪಿಸುತ್ತದೆ. ಪ್ರೇಮ ಮುಗಿಯಿತು. ಸ್ವಲ್ಪ ಹೊತ್ತಿಗೆ ಆ ರಾಜಕುಮಾರಿ ತನ್ನ ಜನರಿಗಾಗಿ ಪ್ರಾಣ ಬಿಡುತ್ತಾಳೆ; ನಾವು ಅಳಬೇಕೆಂದು ಸಂಗೀತ ಕೇಳಿಕೊಳ್ಳುತ್ತದೆ. ಆದರೆ ನಮಗೆ ಅವಳ ಪರಿಚಯವೇ ಆಗಿಲ್ಲ, ಪರಿಚಯವಾಯಿತೆಂಬ ಸುದ್ದಿ ಮಾತ್ರ ಬಂದಿತ್ತು.

ಕಾರ್ಟೂನಿನಲ್ಲಿ ಸಾಕಾ ಆ ಹುಡುಗಿಯ ಮುಂದೆ ತಡವರಿಸಿ ಏನೇನೋ ಮಾತಾಡಿ ಪೇಚಿಗೆ ಸಿಲುಕುತ್ತಾನೆ. ಹಾಗೆ ಪ್ರಾಣ ಕೊಟ್ಟು ಅವಳು ಚಂದ್ರನಾಗಿ ಮೇಲೆ ಹೋದಾಗ, ಅದುವರೆಗೆ ಪ್ರತಿ ಕಂತಿನಲ್ಲೂ ಕುಚೋದ್ಯ ಮಾಡಿದ್ದ ಹುಡುಗನಿಗೆ ಮಾತೇ ಹೊರಡುವುದಿಲ್ಲ. ಕುಚೋದ್ಯವನ್ನು ಮೊದಲು ಕೊಟ್ಟವರಿಗೆ ಮಾತ್ರ ಮೌನವನ್ನು ಆಮೇಲೆ ಕೊಡಲು ಸಾಧ್ಯ.

ಎರಡನೆಯ ನೋಟ ಬರೆದದ್ದು:

ನಿರೂಪಣೆಯ ವಿಷಯದಲ್ಲಿ ನಾನು ಸೋಲೊಪ್ಪುತ್ತೇನೆ. ಆದರೂ ದೇವ್ ಪಟೇಲ್ ಅವರ ಜುಕೊ ಪಾತ್ರದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ತಂದೆಯಿಂದ ತಿರಸ್ಕೃತನಾದ ಮಗನ ಹಸಿವು ಅವರ ಮುಖದಲ್ಲಿದೆ, ಸಂಭಾಷಣೆ ಎಷ್ಟೇ ಮರಗಟ್ಟಿದ್ದರೂ. ಕಾರ್ಟೂನಿನ ಜುಕೊನ ಎಡಗಣ್ಣಿನ ಸುತ್ತ ಮುಖದ ಕಾಲುಭಾಗವನ್ನು ಆಕ್ರಮಿಸಿದ ಸುಟ್ಟ ಗಾಯವನ್ನು ಚಿತ್ರದಲ್ಲಿ ಹುಡುಕಿ ನೋಡಬೇಕಾಗುತ್ತದೆ ಎಂಬುದು ಅವರ ತಪ್ಪಲ್ಲ.

ಹೆಸರಿನ ಹಂಗು ಬರೆದದ್ದು:

ಹೆಸರುಗಳ ಉಚ್ಚಾರದ ಬಗ್ಗೆ ಚಿಕ್ಕ ಟಿಪ್ಪಣಿ. ಆ್ಯಂಗ್ ಚಿತ್ರದಲ್ಲಿ ‘ಆಂಗ್’ ಆದ, ಸಾಕಾ ‘ಸೋಕಾ’ ಆದ, ಐರೋ ‘ಈರೋ’ ಆದ. ಏಷ್ಯಾದ ನಿಜವಾದ ಉಚ್ಚಾರಕ್ಕೆ ಹತ್ತಿರ ತರಬೇಕೆಂಬುದು ನಿರ್ದೇಶಕರ ಉದ್ದೇಶವಾಗಿತ್ತು. ಅವತಾರ ಎಂಬ ಪದವನ್ನು ದಿನವೂ ಬಳಸುವ ನಮಗೆ, ಚಿತ್ರದವರು ಅದನ್ನು ಇಂಗ್ಲಿಷಿನವರಿಗಿಂತ ನಮ್ಮ ಕಿವಿಗೆ ಹತ್ತಿರವಾಗಿ ನುಡಿದದ್ದು ಮೊದಲಿಗೆ ಹಿತವೆನಿಸಿತು. ಆದರೆ ಉಚ್ಚಾರದಲ್ಲಿ ಏಷ್ಯಾವನ್ನು ಉಳಿಸಿಕೊಳ್ಳಲು ಇಷ್ಟು ಶ್ರಮಪಟ್ಟವರು, ಮುಖಗಳ ಆಯ್ಕೆಯಲ್ಲಿ ಅದನ್ನು ಏಕೆ ಬಿಟ್ಟರು? ಕಾರ್ಟೂನಿನಲ್ಲಿ ಕಂದುಬಣ್ಣದವರಾದ ಕಟಾರಾ ಮತ್ತು ಸಾಕಾ ಚಿತ್ರದಲ್ಲಿ ಬಿಳಿಯರಾದರು. ಊರು ಸುಡುವ ಅಗ್ನಿರಾಜ್ಯದವರ ಪಾಲಿಗೆ ಕಂದುಬಣ್ಣ ಬಂತು. ಚಿತ್ರ ಬಿಡುಗಡೆಯಾಗುವ ಮೊದಲೇ ಅಭಿಮಾನಿಗಳು ಇದನ್ನು ವಿರೋಧಿಸಿ ಸಂಘಟಿತರಾಗಿದ್ದರು. ಹೆಸರನ್ನು ಸರಿಯಾಗಿ ಕರೆದು, ಹೆಸರಿನವರನ್ನು ಮನೆಯಿಂದ ಹೊರಗೆ ನಿಲ್ಲಿಸಿದ ಹಾಗಾಯಿತು. ಈ ಚರ್ಚೆಯಲ್ಲಿ ನನಗೆ ನಗು ಬಾರದ ಭಾಗ ಇದೊಂದೇ.

ಲೆಕ್ಕದ ಪುಸ್ತಕ ಬರೆದದ್ದು:

ಚಿತ್ರ ಹಣದಲ್ಲಿ ಮುಳುಗಿತೆಂದು ಹಲವರು ತಿಳಿದಿದ್ದಾರೆ. 15 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ ಸುಮಾರು 32 ಕೋಟಿ ಡಾಲರ್ ಗಳಿಸಿತು. ಜನ ಕಾರ್ಟೂನಿನ ಮೇಲಿನ ಪ್ರೀತಿಯಿಂದಲೇ ಟಿಕೆಟ್ ಕೊಂಡರು ಎಂದು ನಾನು ನಂಬುತ್ತೇನೆ. ಅತ್ಯಂತ ಕೆಟ್ಟ ಚಿತ್ರ, ನಿರ್ದೇಶನ, ಚಿತ್ರಕಥೆ ಸೇರಿದಂತೆ ಐದು ರಾಝಿ ಪ್ರಶಸ್ತಿಗಳು ಅದಕ್ಕೆ ಸಂದವು; ಅವುಗಳಲ್ಲೊಂದು ಕಣ್ಣು ಕೀಳುವ 3ಡಿ ಬಳಕೆಗೆಂದೇ ಇತ್ತು. ಚಿತ್ರೀಕರಣ ಮುಗಿದ ಮೇಲೆ 3ಡಿಗೆ ಪರಿವರ್ತಿಸಿದ್ದರಿಂದ, ಮೊದಲೇ ಮಬ್ಬಾಗಿದ್ದ ದೃಶ್ಯಗಳು ಆ ಕನ್ನಡಕದೊಳಗೆ ಇನ್ನಷ್ಟು ಕತ್ತಲಾದವು. ಮೂರು ಚಿತ್ರಗಳ ಯೋಜನೆಯಲ್ಲಿ ಉಳಿದೆರಡು ಬರಲೇ ಇಲ್ಲ.

ನಿಧಾನ ಹೆಜ್ಜೆ ಬರೆದದ್ದು:

ಇದೇ ಕಥೆಯನ್ನು ನಟರಿಂದ ಆಡಿಸಿ ತೆಗೆದ 2024ರ ನೆಟ್‌ಫ್ಲಿಕ್ಸ್ ಸರಣಿಯನ್ನೂ ಇಲ್ಲಿ ನೆನೆಯಬೇಕು. ಮೂಲ ಸೃಷ್ಟಿಕರ್ತರಿಬ್ಬರೂ 2020ರಲ್ಲೇ ಅದರಿಂದ ಹೊರಬಂದಿದ್ದರು. ಎಂಟು ಕಂತುಗಳ ಅದರ ಮೊದಲ ಭಾಗದಲ್ಲಿ ಪಾತ್ರವರ್ಗ ಸರಿಯಾಗಿದೆ, ಕುಟ್ಟಿದ ಕ್ಷಣಕ್ಕೆ ಕಲ್ಲು ಏಳುತ್ತದೆ. ಆದರೂ ಅಲ್ಲಿನ ಆ್ಯಂಗ್ ತನ್ನ ಜವಾಬ್ದಾರಿಯ ಬಗ್ಗೆ ಮಾತಾಡುವಷ್ಟು ಹೊತ್ತು ಅದರಿಂದ ತಪ್ಪಿಸಿಕೊಂಡು ಆಡುವುದಿಲ್ಲ. ಹಾಗಾಗಿ ಚಲನೆಯೊಂದೇ ಸರಿಯಾದರೆ ಸಾಲದು ಎಂದು ನನ್ನ ಹಿಂದಿನ ಮಾತನ್ನು ತಿದ್ದಿಕೊಳ್ಳುತ್ತೇನೆ.

ಹಿಮದ ಹಾದಿ ಬರೆದದ್ದು:

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯುತ್ತೇನೆ. ಒಂಬತ್ತು ವರ್ಷದ ನನ್ನ ಮಗಳಿಗೆ ಕಾರ್ಟೂನಿಗಿಂತ ಮೊದಲು ಈ ಚಿತ್ರವನ್ನೇ ತೋರಿಸಿದೆ. ಇದೇ ಮೊದಲಾದರೆ ಹೋಲಿಕೆಯ ಹಂಗಿಲ್ಲದೆ ನೋಡಬಹುದೆಂದುಕೊಂಡಿದ್ದೆ. ಕಲ್ಲು ತೇಲಿದಾಗ ಅವಳು ನಗಲಿಲ್ಲ. ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ, “ಅಮ್ಮಾ, ಈ ಹುಡುಗನಿಗೆ ಹುಷಾರಿಲ್ಲವಾ?” ಎಂದು ಕೇಳಿದಳು. ಏಕೆಂದು ಕೇಳಿದರೆ, “ಒಂದು ಸಲವೂ ಆಟ ಆಡಲಿಲ್ಲ” ಎಂದಳು.

ಮರುದಿನ ಕಾರ್ಟೂನಿನ ಮೊದಲ ಕಂತನ್ನು ಹಾಕಿದೆ. ಮಂಜುಗಡ್ಡೆ ಒಡೆದು, ನೂರು ವರ್ಷದ ನಿದ್ದೆಯಿಂದ ಎದ್ದ ಆ್ಯಂಗ್ ಕಣ್ಣು ಬಿಡುತ್ತಾನೆ. ಕಟಾರಾ ಗಾಬರಿಯಿಂದ ಬಗ್ಗಿ ನೋಡುತ್ತಿದ್ದಾಳೆ. ಅವನು ಅವಳನ್ನು ಹತ್ತಿರ ಕರೆದು, ಪಿಸುದನಿಯಲ್ಲಿ ಏನೋ ಮಹತ್ವದ್ದನ್ನು ಹೇಳುವವನಂತೆ ಶುರುಮಾಡಿ, ನನ್ನೊಂದಿಗೆ ಪೆಂಗ್ವಿನ್ ಮೇಲೆ ಕುಳಿತು ಜಾರಲು ಬರುತ್ತೀಯಾ ಎಂದು ಕೇಳುತ್ತಾನೆ. ಆಮೇಲೆ ಇಬ್ಬರೂ ನಿಜವಾಗಿಯೂ ಜಾರುತ್ತಾರೆ. ಮಂಜಿನ ಇಳಿಜಾರಿನಲ್ಲಿ ಕಿರುಚುತ್ತಾ ಇಳಿಯುವಾಗ, ಚಿಕ್ಕವಳಾಗಿದ್ದಾಗಿನಿಂದ ಇದನ್ನು ಮಾಡಿಯೇ ಇಲ್ಲ ಎಂದು ಕಟಾರಾ ಹೇಳುತ್ತಾಳೆ. ಈಗಲೂ ನೀನು ಚಿಕ್ಕವಳೇ ಎಂದು ಆ್ಯಂಗ್ ಕೂಗುತ್ತಾನೆ. ಯುದ್ಧ ಆ ಹುಡುಗಿಯಿಂದ ಕಿತ್ತುಕೊಂಡದ್ದು ಏನೆಂಬುದು ಆ ಎರಡು ಮಾತುಗಳಲ್ಲೇ ನನಗೆ ಗೊತ್ತಾಯಿತು. ಮಗಳಿಗೆ ಅದು ಎಷ್ಟು ಗೊತ್ತಾಯಿತೋ ತಿಳಿಯದು. ಪೆಂಗ್ವಿನ್ ಜಾರುವುದನ್ನು ಮತ್ತೆ ಹಿಂದಕ್ಕೆ ತಿರುಗಿಸಿ ಹಾಕು ಎಂದು ಮೂರು ಸಲ ಕೇಳಿದಳು, ಮೂರು ಸಲವೂ ಹಾಕಿದೆ.